ಶಿರಸಿಯ ಆಪ್ತಸಮಾಲೋಚನಾ ಕೇಂದ್ರ: ಒಬ್ಬ ಬಳಕೆದಾರನ ಅಭಿಪ್ರಾಯ

ಆತಂಕದ ತೊಂದರೆಗೆಂದು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ಖಾಸಗಿ ಆಪ್ತಸಮಾಲೋಚನಾ ಕೇಂದ್ರವೊಂದಕ್ಕೆ ಬಹುಕಾಲದಿಂದ ಹೋಗುತ್ತಿದ್ದೇನೆ. ಅಲ್ಲಿನ ಸಮಾಲೋಚಕಿ ಉಪದೇಶ ಮಾಡುವುದಿಲ್ಲ. ‘ಧೈರ್ಯವಾಗಿರು’ ಎನ್ನುವವರು ಮನೆಯಲ್ಲೇ ಸಾಕಷ್ಟಿದ್ದಾರೆ. ಎದೆಬಡಿತ ಏರಿದ ಕ್ಷಣದಲ್ಲಿ ಬಂದ ವಿಚಾರವೇನು, ಅದಕ್ಕೆ ಆಧಾರವೇನು, ಹೆದರಿ ಯಾವ ಕೆಲಸ ತಪ್ಪಿಸಿಕೊಂಡೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಮುಂದಿನ ಭೇಟಿಯಲ್ಲಿ ಅದನ್ನೇ ಹಿಡಿದು ಪ್ರಶ್ನಿಸುತ್ತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಬುನಾದಿ ಹಾಕಿದ ಚಿಕಿತ್ಸಾಕ್ರಮವಿದು. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆಂಬ ತಿಳಿವಳಿಕೆಯ ಮೇಲೆ, ಬಿಟ್ಟೇಬಿಟ್ಟಿದ್ದ ಸಹಕಾರಿ ಸಂಘದ ಸಭೆಗಳಿಗೆ ಮೊದಲು ಹಿಂದಿನ ಸಾಲಿನ ಕೇಳುಗನಾಗಿ ಹೋಗಿ, ಕ್ರಮೇಣ ಎದ್ದು ಮಾತನಾಡುವಂತಾದೆ. ಆತಂಕ ಪೂರ್ತಿ ಹೋಗಿಲ್ಲ. ಬಂದದ್ದು ಇಳಿಯುತ್ತದೆಂಬುದು ಗೊತ್ತಾಗಿದೆ.

ಕಾಯುವ ಕೋಣೆ ಮಾತ್ರ ರಸ್ತೆಗೇ ತೆರೆದುಕೊಂಡಿದೆ. ಎಲ್ಲರಿಗೂ ಎಲ್ಲರ ಪರಿಚಯವಿರುವ ನಮ್ಮ ಕಡೆ ಇದು ಸಣ್ಣ ಕೊರತೆಯಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕೈಕೊಟ್ಟರೆ ಫೋನಿನಲ್ಲೇ ಮಾತು. ಔಷಧ ಬೇಕೆನಿಸಿದರೆ ಮನೋವೈದ್ಯರ ಬಳಿಗೇ ಕಳುಹಿಸುತ್ತಾರೆ, ಅದು ಸರಿಯಾದ ಕ್ರಮ. ಶುಲ್ಕ ಹಗುರವಲ್ಲ. ಭರಿಸಲಾಗದವರು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಒಬ್ಬರೇ ಸಮಾಲೋಚಕರೊಂದಿಗೆ ವರ್ಷಗಟ್ಟಲೆ ಮುಂದುವರಿಯುವ ಮಾತುಕತೆಗೆ ಅದು ಬದಲಿಯಾಗಲಾರದು.