ಕೈಗೆ ಕರೆಂಟ್ ಕೊಟ್ಟ ಎಂಟು ತಿಂಗಳು: ಬಳಸಿದ ಮೇಲೆ ಅನಿಸಿದ್ದು

ಬೈಕಿನಿಂದ ಬಿದ್ದು ಬಲ ತೋಳಿನ ಮೂಳೆ ಮುರಿಯಿತು. ಅದನ್ನೇ ಸುತ್ತಿಕೊಂಡು ಹೋಗುವ ರೇಡಿಯಲ್ ನರಕ್ಕೂ ಪೆಟ್ಟಾಯಿತು. ಮೂಳೆ ಕೂಡಿತು, ಹಸ್ತ ಮಾತ್ರ ಮೇಲೇಳಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದರೆ ಮಣಿಕಟ್ಟಿನಿಂದಾಚೆ ಬಾಡಿದ ಬಾಳೆಎಲೆ ಹಾಗೆ ಜೋತು ಬೀಳುತ್ತಿತ್ತು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕರೆಂಟ್ ಕೊಟ್ಟರೆ ಹಸ್ತ ಏಳಬಹುದು ಅಂತ ಆನ್‌ಲೈನಿನಲ್ಲಿ ಟೆನ್ಸ್ ಮೆಷಿನ್ ತರಿಸಿದೆ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಡುವ ಪೆಟ್ಟಿಗೆ. ಬರೀ ಜುಮುಜುಮು, ಸ್ನಾಯು ಅಲುಗಲಿಲ್ಲ. ಕೆಟ್ಟಿರಬೇಕು ಅಂತ ಬದಲಾಯಿಸಿದೆ. ಎರಡನೆಯದೂ ಅದೇ ಹಾಡು! ಫಿಸಿಯೋಥೆರಪಿ ಮೇಡಂ ನಕ್ಕರು. "ಅದು ನೋವಿಗೆ ಕಣ್ರೀ. ಅದರ ಒಂದೊಂದು ಮಿಡಿತ ಕಾಲು ಮಿಲಿಸೆಕೆಂಡ್ ಇದ್ದರೆ ಹೆಚ್ಚು. ಅದು ಕೆಲಸ ಮಾಡೋಕೆ ನರ ಬೇಕು. ನಿಮಗೆ ನರವೇ ಕೈಕೊಟ್ಟಿದೆ. ಸ್ನಾಯುವಿಗೇ ನೇರವಾಗಿ ತಟ್ಟಬೇಕು, ಮಿಡಿತ 100 ಮಿಲಿಸೆಕೆಂಡಿನಷ್ಟು ಉದ್ದ ಬೇಕು." ಅದಕ್ಕೆ ಗ್ಯಾಲ್ವನಿಕ್ ಕರೆಂಟ್ ಅಂತಾರೆ.

ಒದ್ದೆ ಪ್ಯಾಡ್ ಒಂದು ಕಡೆ ಕಟ್ಟಿ, ಪೆನ್ನಿನಂಥ ಕಡ್ಡಿಯನ್ನು ಮುಂಗೈ ಮೇಲೆ ಒತ್ತಿದರು. ಚರ್ಮದಡಿ ಸ್ನಾಯು ಎರೆಹುಳದ ಹಾಗೆ ಮೆಲ್ಲಗೆ ಹೊರಳಿತು. ಹಸ್ತ ಅರ್ಧ ಇಂಚು ಎದ್ದಿತು. ಅಮ್ಮ "ಎದ್ದಿತು, ಎದ್ದಿತು" ಅಂತ ಕೂಗಿದ್ದು ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು.

ಆಮೇಲೆ ವಾರಕ್ಕೆ ಐದು ದಿನ, ಅರ್ಧರ್ಧ ಗಂಟೆ. ಬೇಜಾರು ಹಿಡಿಸುವ ಕೆಲಸ. ದುಡ್ಡು ಕರೆಂಟಿಗಿಂತ ಆಟೋಗೇ ಜಾಸ್ತಿ ಹೋಯಿತು. ಒಮ್ಮೆ ಪ್ಯಾಡ್ ಒಣಗಿದ್ದು ಯಾರೂ ನೋಡಲಿಲ್ಲ. ತೊಗರಿಬೇಳೆ ಗಾತ್ರದ ಸುಟ್ಟ ಕಲೆ ಇನ್ನೂ ಇದೆ.

ಉಪಯೋಗ ಆಯ್ತಾ? ಟೈಲರ್ ಟೇಪಿನಲ್ಲಿ ಅಳೆದರೆ ಬಲ ಮುಂಗೈ ಎಡಕ್ಕಿಂತ 2 ಸೆಂ.ಮೀ. ಸಣ್ಣ. ಕರೆಂಟ್ ಶುರುವಾದ ಮೇಲೆ ಅಲ್ಲಿಗೇ ನಿಂತಿತು, ದಪ್ಪ ಏನೂ ಆಗಲಿಲ್ಲ. ಕರೆಂಟಿನಿಂದಲೇ ನರ ಬಂತು ಅಂತ ಯಾರಾದರೂ ಮಾರಿದರೆ ನಂಬಬೇಡಿ. ನರ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿ.ಮೀ. ಐದನೇ ತಿಂಗಳಲ್ಲಿ ಮೊಣಕೈ ಹತ್ತಿರದ ಸ್ನಾಯು ತಾನಾಗೇ ಮಿಸುಕಿತು, ಪೆಟ್ಟಾದ ಜಾಗದಿಂದ ಅಲ್ಲಿಗಿರುವ ದೂರಕ್ಕೆ ಲೆಕ್ಕ ಸರಿಯಾಗಿಯೇ ಇತ್ತು. ಈ ಕರೆಂಟಿನ ಬಗ್ಗೆ ಡಾಕ್ಟರುಗಳಲ್ಲೂ ಒಮ್ಮತ ಇಲ್ಲ. ನನ್ನನ್ನು ಕೇಳಿದರೆ ಮಣಿಕಟ್ಟು ಎತ್ತಿ ಹಿಡಿಯುವ ಸ್ಪ್ಲಿಂಟಿಗೆ ಐದಕ್ಕೆ ಐದು, ಕರೆಂಟಿಗೆ ಮೂರೂವರೆ. ಟೆನ್ಸ್ ಮೆಷಿನ್ ಈಗ ಅಮ್ಮನ ಮಂಡಿನೋವಿಗೆ ಹೋಗಿದೆ. ಮೆಷಿನ್ ಕೊಳ್ಳುವ ಮೊದಲು ನರದ ಪರೀಕ್ಷೆ, ಅದೇ ಎನ್‌ಸಿವಿ, ಮಾಡಿಸಿ.

ಈಗ ಬಸ್ಸಿಗೆ ಕೈ ಅಡ್ಡ ಹಿಡಿದರೆ ಕೈ ನಿಲ್ಲುತ್ತದೆ. ಬಸ್ಸು ನಿಲ್ಲಲ್ಲ, ಅದು ಬೇರೆ ವಿಷಯ. ಹೆಬ್ಬೆರಳು ಇನ್ನೂ ಬಾಕಿ, ಕರೆಂಟಿನ ಕಡ್ಡಿ ಈಗ ಅದರ ಸ್ನಾಯುವಿಗೆ ಬಂದಿದೆ.