ಈಸಿ ವೇವ್ ಪೆಟೂನಿಯಾ ಬೀಜ: ಕೊಟ್ಟ ಕಾಸಿಗೆ ಮೋಸವಿಲ್ಲ, ಮೊದಲ ವಾರ ಮಾತ್ರ ಮೈಮರೆಯುವಂತಿಲ್ಲ

ಕುಂಡಕ್ಕೋ ತೂಗುಬುಟ್ಟಿಗೋ ಪೆಟೂನಿಯಾ ಬೀಜ ಹುಡುಕುತ್ತಿದ್ದರೆ ‘ಈಸಿ ವೇವ್’ ತಗೊಳ್ಳಿ, ಅದರ ಅಕ್ಕನಂತಿರುವ ‘ಪರ್ಪಲ್ ವೇವ್’ ಬಿಡಿ. ಎರಡರ ಪೊಟ್ಟಣದ ಮೇಲೂ ಹೆಚ್ಚುಕಡಿಮೆ ಒಂದೇ ಥರದ ಚಿತ್ರ, ಹೂವೂ ಚೆನ್ನ. ವ್ಯತ್ಯಾಸ ಇರುವುದು ಹಗಲಿನ ಲೆಕ್ಕದಲ್ಲಿ.

ಬಿಯರ್ ತಯಾರಿಸುವ ಜಪಾನಿನ ಕಿರಿನ್ ಕಂಪನಿ ಅಭಿವೃದ್ಧಿಪಡಿಸಿದ ತಳಿ ಪರ್ಪಲ್ ವೇವ್. ಪ್ಯಾನ್‌ಅಮೆರಿಕನ್ ಸೀಡ್ ಅದನ್ನು ಮಾರುಕಟ್ಟೆಗೆ ತಂದಿತು, 1995ರಲ್ಲಿ ಅಮೆರಿಕದ ಆಲ್-ಅಮೆರಿಕಾ ಸೆಲೆಕ್ಷನ್ಸ್ ಪ್ರಶಸ್ತಿಯೂ ಬಂತು. ಆದರೆ ಇದು ಉದ್ದ ಹಗಲು ಬೇಡುವ ತಳಿ. ಮೊಗ್ಗು ಕಟ್ಟಬೇಕಾದರೆ ದಿನಕ್ಕೆ ಸುಮಾರು 13 ಗಂಟೆಗೂ ಹೆಚ್ಚು ಬೆಳಕು ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್‌ನಲ್ಲೂ ಸೂರ್ಯೋದಯದಿಂದ ಸೂರ್ಯಾಸ್ತಕ್ಕೆ ಲೆಕ್ಕ ಹಾಕಿದರೆ 13 ಮುಟ್ಟುವುದಿಲ್ಲ. ಹಾಗಾಗಿ ನಮ್ಮ ಚಳಿಗಾಲದಲ್ಲಿ ಈ ಗಿಡ ಎಲೆ ಬಿಡುತ್ತಾ, ಬಳ್ಳಿ ಹರಡುತ್ತಾ ಹೂವಿಗೆ ಸತಾಯಿಸುತ್ತದೆ. ‘ಗೊಬ್ಬರ ಸಾಲದು’ ಎಂದು ಇನ್ನಷ್ಟು ಸುರಿದರೆ ಎಲೆಯೇ ಹೆಚ್ಚುತ್ತದೆ. ಅದೇ ತಳಿ ಬೇಕೇ ಬೇಕೆನ್ನುವವರು ರಾತ್ರಿ 10ರಿಂದ 2ರವರೆಗೆ ಗಿಡದ ಮೇಲೆ ಒಂದು ಬಲ್ಬ್ ಉರಿಸಬೇಕು. ನಡುರಾತ್ರಿಯ ಬೆಳಕು ಕತ್ತಲನ್ನು ಎರಡು ತುಂಡು ಮಾಡಿ ಗಿಡಕ್ಕೆ ಉದ್ದ ಹಗಲಿನ ಭ್ರಮೆ ಹುಟ್ಟಿಸುತ್ತದೆ. ಈಸಿ ವೇವ್‌ಗೆ ಈ ಉಪದ್ವ್ಯಾಪ ಬೇಡ. ಗಿಡ್ಡ ಹಗಲಲ್ಲೂ ಹೂ ಬಿಡುವಂತೆ ಆರಿಸಿದ ಸರಣಿ ಅದು. ಬಿತ್ತಿದ 10–12 ವಾರಕ್ಕೆ ಹೂವು.

ಇನ್ನು ಬೆಲೆ. ಈಸಿ ವೇವ್‌ನಂಥ ಎಫ್1 (ಎರಡು ತಳಿ ಬೆರೆಸಿದ ಮೊದಲ ಪೀಳಿಗೆಯ) ಪೆಟೂನಿಯಾ ಬೀಜ ದುಬಾರಿಯಾಗಲು ಕಾರಣವಿದೆ: ಒಂದೊಂದು ಹೂವಿನ ಕೇಸರಗಳನ್ನೂ ಕೈಯಲ್ಲೇ ಕಿತ್ತು, ಬೇರೆ ಗಿಡದ ಪರಾಗ ಹಚ್ಚಿ ಬೀಜ ಕಟ್ಟಿಸಬೇಕು. ಬಿಡಿ ಬೀಜವಾದರೆ ಗ್ರಾಂಗೆ ಒಂಬತ್ತು-ಹತ್ತು ಸಾವಿರ ತೂಗುತ್ತದೆ, ಉಸಿರಿಗೂ ಹಾರಿಹೋಗುತ್ತದೆ. ಅದಕ್ಕೇ ಜೇಡಿಯಂಥ ಪುಡಿ ಲೇಪಿಸಿ, ಸಣ್ಣ ಸಾಸಿವೆಯಷ್ಟು ಗುಂಡು ಮಾಡಿ ಕೊಡುತ್ತಾರೆ. ಈ ಪೆಲೆಟ್ ರೂಪ ನಿಜಕ್ಕೂ ಉಪಯುಕ್ತ. ಒದ್ದೆ ಕಡ್ಡಿಯ ತುದಿಯಲ್ಲಿ ಎತ್ತಿ ಒಂದೊಂದು ಗುಳಿಗೆ ಒಂದೊಂದರಂತೆ ಇಡಬಹುದು, ಸಸಿ ಕೀಳುವ ಕೆಲಸವಿಲ್ಲ.

ಪೆಲೆಟ್‌ನ ತೊಂದರೆಯೂ ಆ ಲೇಪದಲ್ಲೇ ಇದೆ. ಅರ್ಧ ನೆನೆದು ಒಣಗಿದರೆ ಲೇಪ ಗಟ್ಟಿ ಚಿಪ್ಪಾಗುತ್ತದೆ. ಒಳಗೆ ಆಗಲೇ ಎದ್ದಿರುವ ಬೇರಿನ ತುದಿ ಅಲ್ಲೇ ಸಾಯುತ್ತದೆ. ‘ಬೀಜ ಸರಿಯಿಲ್ಲ’ ಎನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ.

ಬಿತ್ತುವ ಕ್ರಮ ಹೀಗಿರಲಿ. 98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ತಟ್ಟೆ), ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ಪರ್ಲೈಟ್ (ಹಗುರ ಬಿಳಿ ಖನಿಜದ ಹರಳು) ಒಂದು ಪಾಲು. ಗೊಬ್ಬರ ಬೇಡ. ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಹೆಚ್ಚು, ಎಳೆಬೇರು ಸುಡುತ್ತದೆ. ಮಿಶ್ರಣವನ್ನು ಮೊದಲೇ ನೆನೆಸಿ ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಪೆಲೆಟ್ ಮೇಲೇ ಕೂರಲಿ, ಮಣ್ಣು ಮುಚ್ಚಬೇಡಿ, ಏಕೆಂದರೆ ಮೊಳಕೆಗೆ ಬೆಳಕು ಬೇಕು. ಈಗ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ನೀರು ಹೊಡೆಯಿರಿ. ಗುಂಡು ಮಿಂಚಿ, ಮೈ ಬಿರಿದು, ಕಡ್ಡಿಯಿಂದ ಮುಟ್ಟಿದರೆ ಹಿಟ್ಟಿನಂತೆ ಕರಗುವವರೆಗೆ ನಿಲ್ಲಿಸಬೇಡಿ. ಮೇಲೆ ಪಾರದರ್ಶಕ ಮುಚ್ಚಳ ಹಾಕಿ, ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. 24–26 ಡಿಗ್ರಿ ಸೆಲ್ಸಿಯಸ್ ಇದ್ದರೆ ವಾರದೊಳಗೆ ಹಸಿರು ಕಾಣುತ್ತದೆ.

ಎರಡು ಎಳೆ ಎಲೆ ಬಿಚ್ಚಿದ ದಿನವೇ ಮುಚ್ಚಳ ತೆಗೆಯಿರಿ. ಇಲ್ಲಿಂದ ಲೆಕ್ಕ ತಿರುಗುತ್ತದೆ: ಅಲ್ಲಿಯವರೆಗೆ ಒಣಗಬಾರದಿತ್ತು, ಇನ್ನು ಮೇಲ್ಪದರ ಸ್ವಲ್ಪ ಆರಿದ ಮೇಲೆಯೇ ನೀರು, ಅದೂ ಟ್ರೇಯ ತಳದಿಂದ. ಹಾಗೇ ಮುಚ್ಚಿಟ್ಟರೆ ಬುಡ ನೂಲಿನಂತಾಗಿ ಸಸಿಗಳು ಸಾಲುಸಾಲಾಗಿ ಮಲಗುತ್ತವೆ. ಆ ಕೊಳೆ ಒಮ್ಮೆ ಹಿಡಿದ ಸಸಿಯನ್ನು ಉಳಿಸಲಾಗದು. ನಿಜ ಎಲೆ ಮೂಡಿದ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವಂಥದ್ದು) ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಐದಾರು ವಾರದಲ್ಲಿ ಕುಂಡಕ್ಕೆ ಹೋಗಲು ತಯಾರು.

ಸಾಮಾನ್ಯ ಪೆಟೂನಿಯಾವನ್ನು ಆರೇಳು ಎಲೆಗೆ ತುದಿ ಚಿವುಟಬೇಕು. ಈಸಿ ವೇವ್ ಬುಡದಿಂದಲೇ ಕವಲೊಡೆಯುವುದರಿಂದ ಅದೂ ಬೇಡ. ಹತ್ತು ಇಂಚಿನ ಕುಂಡಕ್ಕೆ ಒಂದು ಸಸಿ, ಹನ್ನೆರಡು ಇಂಚಿನ ತೂಗುಬುಟ್ಟಿಗೆ ಮೂರು ಸಾಕು. ನೆಟ್ಟ ಮೇಲೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು. ಇದು ಹೊಟ್ಟೆಬಾಕ ಗಿಡ. ಬೇರು ಹಿಡಿದ ಮೇಲೆ ಅದೇ ಗೊಬ್ಬರ ಲೀಟರಿಗೆ 2 ಗ್ರಾಂ, ವಾರ ತಪ್ಪಿಸದೆ. ಬರೀ ಎರೆಗೊಬ್ಬರ ನಂಬಿದರೆ ಜನವರಿ ಮುಗಿಯುವಷ್ಟರಲ್ಲಿ ಬಳ್ಳಿಯ ನಡು ಬೋಳಾಗುತ್ತದೆ. ಹಾಗಾದಾಗ ಮೂರನೇ ಒಂದು ಭಾಗ ಕತ್ತರಿಸಿ, ಮತ್ತೆ ಚಿಗುರುತ್ತದೆ.

ಬೋರ್‌ವೆಲ್ ನೀರು ಹಾಕುವವರಿಗೆ ಇನ್ನೊಂದು ಕಾಟ. ಪೆಟೂನಿಯಾಕ್ಕೆ ಮಣ್ಣಿನ ರಸಸಾರ (ಪಿಎಚ್) 5.5ರಿಂದ 6 ಇದ್ದರೆ ಹಿತ. ಗಡಸು ನೀರು ಅದನ್ನು ಮೇಲೇರಿಸಿದಂತೆ ಕಬ್ಬಿಣಾಂಶ ಬೇರಿಗೆ ಸಿಗದೆ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಇವೆರಡನ್ನು ಗುರುತಿಸದೆ ಯೂರಿಯಾ ಹಾಕಿ ಪ್ರಯೋಜನವಿಲ್ಲ. ಕಬ್ಬಿಣದ ಚೀಲೇಟ್ (ಬೇರಿಗೆ ಸಿಗುವಂತೆ ಕಟ್ಟಿಟ್ಟ ಕಬ್ಬಿಣ) ಲೀಟರಿಗೆ ಅರ್ಧ ಗ್ರಾಂ ಬುಡಕ್ಕೆ ಹಾಕಿ. ಇಡಿಟಿಎ ರೂಪದ್ದು ರಸಸಾರ 6.5 ದಾಟಿದರೆ ಅಷ್ಟಾಗಿ ಕೆಲಸ ಮಾಡದು, ಇಡಿಡಿಎಚ್‌ಎ ಎಂದು ಕೇಳಿ ಕೊಳ್ಳಿ. ಸಾಧ್ಯವಾದರೆ ಹಿಡಿದಿಟ್ಟ ಮಳೆನೀರನ್ನು ಸಸಿಗಳಿಗೆ ಮೀಸಲಿಡಿ.

ಮೊಗ್ಗಿನಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು, ಪಕ್ಕದಲ್ಲಿ ಕಪ್ಪು ಹಿಕ್ಕೆ ಕಂಡರೆ ಅದು ಹುಳು. ಸಂಜೆ ಟಾರ್ಚ್ ಹಿಡಿದು ಹುಡುಕಿ ತೆಗೆಯುವುದೇ ವಾಸಿ. ಬಹಳವಾದರೆ ಬಿಟಿ ಪುಡಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ), ಅದೂ ಸಂಜೆಯೇ, ಬಿಸಿಲಿಗೆ ಅದರ ಸತ್ವ ಉಳಿಯದು.

ಉದ್ದದ ಅಂಚು ಪಾತಿಗೆ ಮಾತ್ರ ಈಸಿ ವೇವ್ ಶಿಫಾರಸು ಮಾಡಲಾರೆವು. 45 ಸೆಂಟಿಮೀಟರಿಗೊಂದು ನೆಟ್ಟರೂ ಖರ್ಚು ಏರುತ್ತದೆ, ಬಳ್ಳಿ ಕಾಲುದಾರಿಗೂ ಹರಿಯುತ್ತದೆ. ಅಲ್ಲಿಗೆ ಮಲ್ಟಿಫ್ಲೋರಾ (ಚಿಕ್ಕ ಹೂ ಹೇರಳವಾಗಿ ಬಿಡುವ ಬಗೆ) ಮಿಶ್ರಬಣ್ಣದ ಅಗ್ಗದ ಬಿಡಿ ಬೀಜ ಸಾಕು. ಒಣ ಸಣ್ಣ ಮರಳಿನಲ್ಲಿ ಬೆರೆಸಿ ಟ್ರೇಯಲ್ಲಿ ಉದುರಿಸಿ, ಇರುವೆ ಹೊತ್ತೊಯ್ಯದಂತೆ ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟ ಇಟ್ಟಿಗೆಯ ಮೇಲಿಡಿ. ಆಮೇಲೆ 25–30 ಸೆಂಟಿಮೀಟರ್ ಅಂತರಕ್ಕೆ ನೆಡಿ. ಅಂಗೈಯಗಲ ಹೂವಿನ ಗ್ರ್ಯಾಂಡಿಫ್ಲೋರಾ, ಅದರಲ್ಲೂ ಜೋಡಿ ಎಸಳಿನದು, ಮಳೆ ತಾಗದ ಜಗಲಿಗೆ ಸರಿ. ಒಂದು ಜಡಿಮಳೆ ಬಂದರೆ ಎಸಳು ಕಂದಿ ಬೂದು ಬೂಷ್ಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯವರಿಗೆ ಅದು ದಂಡ.

ಬೆಂಗಳೂರು, ಮೈಸೂರು ಕಡೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ. ಕರಾವಳಿಯಲ್ಲಿ ಮಳೆ ಹಿಂದೆ ಸರಿದ ಮೇಲೆ. ಕೊಳ್ಳುವಾಗ ಪೊಟ್ಟಣದಲ್ಲಿ ಎಷ್ಟು ಪೆಲೆಟ್ ಇವೆ, ಪರೀಕ್ಷೆಯ ದಿನಾಂಕ ಯಾವುದು ಎಂಬುದು ಮುದ್ರಿತವಾಗಿರಬೇಕು. ಸಡಿಲ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಮಾರುವುದನ್ನು ಮುಟ್ಟಬೇಡಿ, ಲೇಪ ತೇವ ಹೀರಿ ಒಳಗಿನ ಬೀಜ ಬೇಗ ಹಾಳಾಗುತ್ತದೆ. ಉಳಿದ ಪೆಲೆಟ್‌ಗಳನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು ಮುಂದಿನ ಹಂಗಾಮಿನಲ್ಲೇ ಮುಗಿಸಿ. ಗಿಡದಲ್ಲಿ ಕಟ್ಟಿದ ಬೀಜ ತೆಗೆದಿಡಬೇಡಿ, ಎಫ್1 ಸಂತಾನ ಬಣ್ಣದಲ್ಲೂ ಹರಡುವಿಕೆಯಲ್ಲೂ ಚದುರಿಹೋಗುತ್ತದೆ.