ಬಂಗಾರದ ಗೆರೆ ಇರುವ ಹಗಿ ಬಟ್ಟಲು ಕೊಳ್ಳುವ ಮುಂಚೆ ಇದನ್ನು ಓದಿ

ಜಪಾನಿನಿಂದ ಹಳೆಯ ಚಹಾ ಬಟ್ಟಲು ತರಿಸುವವರು, ಅದರಲ್ಲೂ ಒಡೆದು ಬಂಗಾರದಲ್ಲಿ ಬೆಸೆದದ್ದು ಬೇಕು ಅನ್ನುವವರು, ದುಡ್ಡು ಕಳಿಸುವ ಮುಂಚೆ ಐದು ನಿಮಿಷ ಇಲ್ಲಿ ನಿಲ್ಲಿ. ನಾನು 38,000 ಯೆನ್ ಕೊಟ್ಟು ತರಿಸಿದ ಬಟ್ಟಲು. ಒಂದೇ ಒಂದು ಸಲವೂ ಅದರಲ್ಲಿ ಚಹಾ ಕುಡಿಯಲು ಆಗಲಿಲ್ಲ. ಹಗಿ, ಕರಾತ್ಸು ಜಪಾನಿನ ಊರುಗಳು, ಅಲ್ಲಿನ ಮಡಕೆಗೂ ಅದೇ ಹೆಸರು. ಮಣ್ಣು ಮುಟ್ಟಿ ಇದು ಹಗಿ, ಇದು ಕರಾತ್ಸು ಅಂತ ಹೇಳಬಲ್ಲ ನನಗೂ ಟೋಪಿ ಹಾಕಿದ್ದಾರೆ. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ ಆಗಿದೆ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ಹಗಿ ಚವಾನ್ (ಚಹಾ ಬಟ್ಟಲು), ಬಾಯಿ 12.5 ಸೆಂ.ಮೀ., ಎತ್ತರ 8 ಸೆಂ.ಮೀ., ‘ಕಿನ್‌ನಾವೊಶಿ’, ‘ಹಾಕೊತ್ಸುಕಿ’, ಚಹಾಕ್ಕೆ ಬಳಸಬಹುದು. ಒಂಬತ್ತು ಫೋಟೊ. ಮೊದಲನೆಯದೇ ಮರದ ಪೆಟ್ಟಿಗೆಯ ಮುಚ್ಚಳ, ಮಸಿಯ ಬರಹ, ಕೆಂಪು ಮುದ್ರೆ. ಬಟ್ಟಲಿನ ಅಡಿಯ ಫೋಟೊ ಒಂದೂ ಇರಲಿಲ್ಲ. ಕೇಳಬೇಕಿತ್ತು. ಕೇಳಲಿಲ್ಲ.

ಆ ಎರಡು ಪದ ಮತ್ತೊಮ್ಮೆ ನೋಡಿ, ಮೋಸ ಇರುವುದು ಅಲ್ಲೇ. ‘ಕಿನ್‌ನಾವೊಶಿ’ ಅಂದರೆ ಬಂಗಾರದ ರಿಪೇರಿ, ಅಷ್ಟೇ. ಆ ಬಂಗಾರದ ಕೆಳಗೆ ಏನಿದೆ ಅಂತ ಆ ಪದ ಹೇಳುವುದಿಲ್ಲ. ಉರುಶಿ ಅನ್ನುವ ಮರದ ಹಾಲಿನಲ್ಲೇ ಮಾಡಿದ್ದರೆ ‘ಹೊನ್‌ಕಿನ್ತ್ಸುಗಿ’ (ಅಸಲಿ ಬಂಗಾರದ ಬೆಸುಗೆ) ಅಂತ ಬರೆಯುತ್ತಾರೆ. ‘ಹಾಕೊತ್ಸುಕಿ’ ಅಂದರೆ ಜೊತೆಗೆ ಒಂದು ಪೆಟ್ಟಿಗೆ ಇದೆ ಅಂತ ಮಾತ್ರ. ಕುಂಬಾರ ಇದೇ ಬಟ್ಟಲಿಗೆಂದು ಬರೆದು ಸಹಿ ಮಾಡಿಕೊಟ್ಟದ್ದಾದರೆ ಅದು ‘ತೊಮೊಬಾಕೊ’. ಬೇರೆ ಯಾವುದೋ ಬಟ್ಟಲಿನ ಪೆಟ್ಟಿಗೆ ತಂದು ಜೋಡಿಸಿದರೆ ‘ಅವಾಸೆಬಾಕೊ’. ಈ ಎರಡು ಪದಗಳಲ್ಲಿ ನೇರ ಸುಳ್ಳು ಕಾಣುವುದಿಲ್ಲ, ಸುಳ್ಳು ಹೇಳಿದ್ದು ಫೋಟೊಗಳು. ರಿಪೇರಿಯ ಬಗ್ಗೆ, ಪೆಟ್ಟಿಗೆಯ ಬಗ್ಗೆ ಆಮೇಲೆ ಹಿಡಿದು ಕೇಳಲು ಒಂದು ವಾಕ್ಯವೂ ಸಿಗದ ಹಾಗೆ ಬರೆದಿದ್ದರು.

ಚಹಾ ಕಡೆಯುವ ಮುಂಚೆ ಬಟ್ಟಲು ಬೆಚ್ಚಗೆ ಮಾಡಿಕೊಳ್ಳುತ್ತೇವಲ್ಲ, ಅದಕ್ಕೆ 80 ಡಿಗ್ರಿ ನೀರು ಸುರಿದೆ. ಅರ್ಧ ನಿಮಿಷ ಆಗಿಲ್ಲ, ಮೂಗಿಗೆ ಅಂಟಿನ ವಾಸನೆ. ಅಂಚಿನಿಂದ ತಳದವರೆಗೆ ಇಳಿದಿದ್ದ ಗೆರೆಯ ಮೇಲೆ ಬೆರಳಿಟ್ಟರೆ ಮೇಣದ ಹಾಗೆ ಮೆತ್ತಗಾಗಿದೆ. ಉಗುರು ತಾಗಿದ್ದಷ್ಟೇ, ಬಂಗಾರ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಗಾಜಿನಂಥ ಎಪಾಕ್ಸಿ ಅಂಟು, ಅದರೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು. ಬಂಗಾರವೂ ಬಂಗಾರವಲ್ಲ, ಹಿತ್ತಾಳೆ ಪುಡಿ. ಎರಡು ಗ್ರಾಂ ಮಾಚ್ಚಾ (ಹಸಿರು ಚಹಾ ಪುಡಿ) ಅಳೆದು ಪಕ್ಕದಲ್ಲಿ ಇಟ್ಟಿದ್ದು ಹಾಗೇ ಉಳಿಯಿತು.

ನಿಜವಾದ ಕಿನ್ತ್ಸುಗಿ, ಅಂದರೆ ಒಡೆದದ್ದನ್ನು ಉರುಶಿಯಲ್ಲಿ ಬೆಸೆದು ಬಂಗಾರ ಹಚ್ಚುವ ಕೆಲಸ, ಬಿಸಿನೀರಿಗೆ ಜಗ್ಗುವುದಿಲ್ಲ. ಉರುಶಿ ಅಂದರೆ ಮರದ ಹಾಲು. ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗು ಕೀಟದ್ದು, ಕಾವಿಗೆ ಕರಗುತ್ತದೆ. ಅದೂ ಇದೂ ಒಂದೇ ಅಂದುಕೊಳ್ಳಬೇಡಿ. ಉರುಶಿಗೆ ಗೋಧಿ ಹಿಟ್ಟು ಕಲಸಿ ಚೂರುಗಳನ್ನು ಅಂಟಿಸುತ್ತಾರೆ. ಅದು ಬಿಸಿಲಿಗೆ ಒಣಗುವಂಥದ್ದಲ್ಲ. 20ರಿಂದ 30 ಡಿಗ್ರಿ ಬೆಚ್ಚಗೆ, ಶೇ. 70ಕ್ಕಿಂತ ಹೆಚ್ಚು ತೇವ ಇರುವ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ಕಲ್ಲಿನ ನುಣುಪು ಪುಡಿ ಕಲಸಿದ ಉರುಶಿಯಿಂದ ಸಂದು ತುಂಬಿ, ಉಜ್ಜಿ, ಕಪ್ಪು ಉರುಶಿ ಬಳಿದು, ಮತ್ತೆ ಉಜ್ಜಿ, ಕೊನೆಗೆ ಕೆಂಪು ಉರುಶಿಯ ತೆಳು ಗೆರೆ ಎಳೆದು ಅದು ಅರೆ ಹಸಿ ಇರುವಾಗ ಬಂಗಾರದ ಪುಡಿ ಉದುರಿಸಬೇಕು. ತಿಂಗಳುಗಟ್ಟಲೆಯ ಕೆಲಸ. ಎಪಾಕ್ಸಿಯಲ್ಲಿ ಒಂದು ದಿನಕ್ಕೆ ಮುಗಿಯುತ್ತದೆ. ಅಂಥ ಕಿಟ್‌ಗಳನ್ನು ‘ಸುಲಭ ಕಿನ್ತ್ಸುಗಿ’ ಅಂತ ಬಾಯಿಬಿಟ್ಟು ಹೇಳಿಯೇ ಮಾರುತ್ತಾರೆ, ಹೂದಾನಿಗೆ ಮಾಡಿಕೊಳ್ಳಲಿ, ನನ್ನ ತಕರಾರಿಲ್ಲ. ಬಾಯಿಗಿಟ್ಟು ಕುಡಿಯುವ ಬಟ್ಟಲಿಗೆ ಬೇಡ.

ಇನ್ನು ವ್ಯಾಪಾರಿಯ ಉತ್ತರಗಳು. ಮೊದಲು ಬರೆದೆ: ಗೆರೆ ಮೆತ್ತಗಾಗಿದೆ, ನೀರು ಸೋರುತ್ತಿದೆ. ಉತ್ತರ ಬಂತು: “ಹಗಿ ಬಟ್ಟಲು ಸೋರುವುದು ಸಹಜ, ಬಳಸುತ್ತಾ ಬಳಸುತ್ತಾ ನಿಲ್ಲುತ್ತದೆ.” ಇದು ಅರ್ಧ ನಿಜ, ಅದಕ್ಕೇ ಅಪಾಯ. ಹಗಿ ಮಣ್ಣು ಸಡಿಲ, ಮೆರುಗಿನ ತುಂಬ ಜಾಲರಿಯಂಥ ಬಿರುಕು, ಅದರೊಳಗೆ ಚಹಾ ಇಳಿದು ವರ್ಷಗಳಲ್ಲಿ ಬಣ್ಣ ತಿರುಗುತ್ತದೆ. ಅದನ್ನೇ ಹಗಿಯ ‘ಏಳು ರೂಪಾಂತರ’ ಅಂತ ಜನ ಇಷ್ಟಪಟ್ಟು ಕೊಳ್ಳುವುದು. ಹೊಸ ಬಟ್ಟಲು ಜಿನುಗುತ್ತದೆ, ಹೌದು. ಆದರೆ ಜಿನುಗುವುದೇ ಬೇರೆ, ಸೋರುವುದೇ ಬೇರೆ. ಒಣ ಕಾಗದದ ಮೇಲೆ ಬಟ್ಟಲಿಟ್ಟು ನೀರು ತುಂಬಿ. ಮಣ್ಣು ಜಿನುಗುತ್ತಿದ್ದರೆ ಗಂಟೆ ಕಳೆದ ಮೇಲೆ ಅಡಿಯ ಸುತ್ತ ಮಸುಕಾಗಿ ತೇವ ಕಾಣುತ್ತದೆ. ಸೀಳು ಇದ್ದರೆ ಅದು ಇರುವ ಕಡೆ ಮಾತ್ರ, ನಿಮಿಷಗಳಲ್ಲೇ ಹನಿ. ಇದರಲ್ಲಿ ಎರಡನೇ ನಿಮಿಷಕ್ಕೆ ಸರಿಯಾಗಿ ಗೆರೆಯ ಕೆಳಗೇ ಕಾಗದ ನೆನೆಯಿತು. ಆ ಫೋಟೊ ಕಳಿಸಿದೆ.

ಎರಡನೇ ಉತ್ತರ: “ಇದು ಹಳೆಯ ಕಲಾವಸ್ತು. ಬಿಸಿನೀರು ಹಾಕಿದ್ದು ನಿಮ್ಮ ತಪ್ಪು.”

ಚಹಾ ಬಟ್ಟಲಿಗೆ ಬಿಸಿನೀರು ಹಾಕಿದ್ದು ತಪ್ಪು! ಇದನ್ನು ಓದಿ ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆನೋ. 1604ರಲ್ಲಿ ಮೋರಿ ಅನ್ನುವ ಆಳುವ ಮನೆತನ ಹಗಿಗೆ ಬಂದ ಕಾಲದಲ್ಲಿ ಕೊರಿಯಾದ ಕುಂಬಾರರು ಶುರು ಮಾಡಿದ ಕೆಲಸ ಇದು. ‘ಒಂದು ರಾಕು, ಎರಡು ಹಗಿ, ಮೂರು ಕರಾತ್ಸು’ ಅಂತ ಚಹಾದವರು ಮೂರು ಬಗೆಯ ಬಟ್ಟಲುಗಳನ್ನು ಸಾಲು ಹಚ್ಚಿದ್ದು ಕಪಾಟಿನಲ್ಲಿ ಇಡುವ ಅಂದಕ್ಕಲ್ಲ. ತಳದಲ್ಲಿ ಚಹಾ ನಿಲ್ಲುವ ಗುಳಿ, ಬಿದಿರಿನ ಕಡೆಗೋಲು ಸುತ್ತುವಷ್ಟು ಜಾಗ, ತುಟಿಗೆ ಒಗ್ಗುವ ಅಂಚು, ಅಂಗೈಗೆ ಶಾಖ ಹದವಾಗಿ ತಲುಪುವ ದಪ್ಪ, ಎಲ್ಲವೂ ಕುಡಿಯುವುದಕ್ಕೆಂದೇ ಮಾಡಿದ್ದು. ಕುಡಿಯಲು ಬಾರದಿದ್ದರೆ ಅದು ಚವಾನ್ ಹೇಗಾಗುತ್ತದೆ?

ಮೂರನೇ ಉತ್ತರ ಒಂದೇ ಸಾಲು: ನೋ ಕ್ಲೇಮ್, ನೋ ರಿಟರ್ನ್. ಬಿಡದೆ ಬರೆದ ಮೇಲೆ 3,000 ಯೆನ್ ವಾಪಸ್ ಕೊಡುತ್ತೇನೆ, ಒಳ್ಳೆಯ ರೇಟಿಂಗ್ ಕೊಡಿ ಅಂದರು. ತೆಗೆದುಕೊಳ್ಳಲಿಲ್ಲ.

ಪೆಟ್ಟಿಗೆಯ ಕಡೆ ಕಣ್ಣು ಹೋದದ್ದು ಆಮೇಲೆ. ಆ ಬಟ್ಟಲಿಗೇ ಮಾಡಿದ ಪೆಟ್ಟಿಗೆಯಲ್ಲಿ ಸುತ್ತ ಒಂದು ಬೆರಳಿನಷ್ಟು ಜಾಗ ಇರುತ್ತದೆ, ಬಟ್ಟೆ ಸುತ್ತಿಟ್ಟರೆ ಅಲುಗುವುದಿಲ್ಲ. ಇದರಲ್ಲಿ ಎರಡು ಬೆರಳು ಆಡುತ್ತಿತ್ತು, ಸಂದಿಗೆ ಕಾಗದ ತುರುಕಿದ್ದರು. ಅರಿಶಿನ ಬಣ್ಣದ ಹಳೆಯ ಬಟ್ಟೆಯ ಮೇಲಿನ ಮುದ್ರೆ ಮುಚ್ಚಳದ ಮುದ್ರೆಗೆ ಸರಿಹೊಂದುತ್ತದೆ. ಬಟ್ಟಲಿನ ಅಡಿಯ ಮುದ್ರೆ ಬೇರೆ! ಪೆಟ್ಟಿಗೆ ಅಸಲಿ, ಬಟ್ಟೆ ಅಸಲಿ, ಒಳಗಿನದು ಯಾರದೋ. ಅಡಿಯ ಫೋಟೊ ಯಾಕೆ ಹಾಕಿರಲಿಲ್ಲ ಅಂತ ಆಗ ಅರ್ಥವಾಯಿತು.

ಕೊಳ್ಳುವವರು ಇಷ್ಟು ಮಾಡಿ. ಮುಚ್ಚಳದ ಮುದ್ರೆ ಮತ್ತು ಅಡಿಯ ಮುದ್ರೆ ಒಂದೇ ಫೋಟೊದಲ್ಲಿ ಕೇಳಿ. ತೊಮೊಬಾಕೊ ಹೌದೋ ಅಲ್ಲವೋ, ಹೊನ್‌ಕಿನ್ತ್ಸುಗಿ ಹೌದೋ ಅಲ್ಲವೋ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಗೆರೆಯನ್ನು ತೀರ ಹತ್ತಿರದಿಂದ ತೆಗೆಸಿ: ಉರುಶಿ ಕೆಲಸದಲ್ಲಿ ಬಂಗಾರದ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪೋ ಕಪ್ಪೋ ಇಣುಕುತ್ತಿರುತ್ತದೆ. ಎಪಾಕ್ಸಿ ಗೆರೆ ದಪ್ಪ, ಉಬ್ಬು, ಮಿಣಮಿಣ. ಕೈಗೆ ಬಂದ ಮೇಲೆ ಯುವಿ ಟಾರ್ಚ್ ಹಿಡಿದರೆ ಬಹುತೇಕ ಎಪಾಕ್ಸಿ ನೀಲಿ-ಬಿಳಿ ಹೊಳೆಯುತ್ತದೆ. ಮಡಕೆ ಕೊಳ್ಳುವಾಗ ತಟ್ಟಿ ನೋಡುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಹಗಿ ಗಟ್ಟಿಯಾಗಿದ್ದರೂ ದನಿ ಮಂದವೇ. ಅಡಿಯಲ್ಲಿ ಒಂದು ಕಡೆ ಕಚ್ಚು ಹಾಕಿದ್ದರೆ ಒಡೆದಿದೆ ಅಂತ ಹೆದರಬೇಡಿ, ಅದು ಹಗಿಯ ರೂಢಿ.

ಉರುಶಿ ಕೆಲಸದವರೊಬ್ಬರಿಗೆ ಇದನ್ನು ತೋರಿಸಿದ್ದಾಯಿತು. ಎಪಾಕ್ಸಿ ಸಡಿಲ ಮಣ್ಣಿನೊಳಗೆ ಇಳಿದುಬಿಟ್ಟಿದೆ, ಪೂರ್ತಿ ತೆಗೆಯದೆ ಉರುಶಿ ಹಿಡಿಯುವುದಿಲ್ಲ, ತೆಗೆಯಲು ಹೋದರೆ ಅಂಚು ಉದುರುತ್ತದೆ ಅಂದರು. ಮುಟ್ಟಲು ಒಪ್ಪಲಿಲ್ಲ.

ಇವತ್ತು ಬೆಳಗ್ಗೆ ಅದೇ ವ್ಯಾಪಾರಿಯ ಪಟ್ಟಿಯಲ್ಲಿ ಇನ್ನೊಂದು ಬಟ್ಟಲು ಬಂದಿದೆ. ಕಿನ್‌ನಾವೊಶಿ, ಹಾಕೊತ್ಸುಕಿ. ಒಂಬತ್ತು ಫೋಟೊ, ಅಡಿಯದು ಒಂದೂ ಇಲ್ಲ.